‘ಸರ್ವರ್ ಡೌನ್’ ಅನ್ನುವ ಮುಂಚೆ: ನಮ್ಮ ಕಂಪ್ಯೂಟರಿನ ನಾಲ್ಕು ನಂಬರು, ಒಂದು ಸಣ್ಣ ಫೈಲು



ದೇವದುರ್ಗ, ಮಾನ್ವಿ ಭಾಗದ ಹಳ್ಳಿಗಳಲ್ಲಿ ಅಕ್ಷರ ಬಾರದ ತಾಯಂದಿರ ಬಾಯಲ್ಲೂ ಇಂದು ಎರಡು ಇಂಗ್ಲಿಷ್ ಶಬ್ದಗಳು ಓಡಾಡುತ್ತಿವೆ: ‘ಸರ್ವರ್ ಡೌನ್’. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಪಹಣಿ ಗಣಕಯಂತ್ರದೊಳಗೆ ಹೋಯಿತು. 2006ರ ಫೆಬ್ರವರಿಯಲ್ಲಿ ಉದ್ಯೋಗ ಖಾತ್ರಿ ಆರಂಭವಾದಾಗ ಕರ್ನಾಟಕದ ಮೊದಲ ಹಂತದ ಐದು ಜಿಲ್ಲೆಗಳಲ್ಲಿ ರಾಯಚೂರೂ ಒಂದಾಗಿತ್ತು. ಮುಂದೆ ಅದರ ಕೂಲಿ ಲೆಕ್ಕವೂ ಆನ್‌ಲೈನ್ ಆಯಿತು. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಮನೆಯೊಡತಿಯರೆಲ್ಲ ಕಂಪ್ಯೂಟರಿನ ಮುಂದೆ ಸಾಲು ನಿಂತರು. ಹೀಗೆ ಬಡವರಿಗೆ ಸಿಗಬೇಕಾದ ಒಂದೊಂದು ಹಕ್ಕೂ ಒಂದು ತಂತಿಯ ಮೂಲಕ ಹಾದು ಬರುವ ಕಾಲ ಬಂದಿದೆ. ತಂತಿ ಕೈಕೊಟ್ಟ ದಿನ ಕೂಲಿ ಬಿಟ್ಟು ಬಂದವರು ಬರಿಗೈಲಿ ವಾಪಸ್ ಹೋಗುತ್ತಾರೆ.

ಆದರೆ ಪ್ರತಿ ಸಲವೂ ತಪ್ಪು ಸರ್ವರಿನದೇ?

ನಮ್ಮದೇ ಒಂದು ಕೇಂದ್ರದಲ್ಲಿ ನಡೆದದ್ದನ್ನು ಹೇಳುತ್ತೇನೆ. ಗಂಡನ ಜೊತೆ ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡುವ ಒಬ್ಬ ಅಕ್ಕ ಜಾತ್ರೆಗೆಂದು ಊರಿಗೆ ಬಂದಿದ್ದಳು. ಕಾರ್ಮಿಕ ಕಾರ್ಡಿನ ಮೇಲೆ ಮಗಳ ಓದಿಗೆ ಸಹಾಯಧನದ ಅರ್ಜಿ ಹಾಕಬೇಕಿತ್ತು. ಕಾಗದ ಪತ್ರ ಎಲ್ಲಾ ಸರಿ ಇದ್ದವು. ಬೆಳಿಗ್ಗೆ ಹತ್ತಕ್ಕೆ ಬಂದವಳಿಗೆ ನಮ್ಮ ಹುಡುಗ, “ಅಕ್ಕಾ, ಸರ್ವರ್ ಡೌನ್ ಐತಿ, ನಾಳಿ ಬರ್ರಿ” ಅಂದ. “ನಾಳಿ ಅಂದ್ರ ಹೆಂಗ್ರಿ, ಇವತ್ತು ರಾತ್ರಿ ಬಸ್ಸಿಗೆ ಹೊಂಟೀವಿ” ಅಂತ ಆಕೆ ನಾಲ್ಕು ಗಂಟೆವರೆಗೂ ಕಟ್ಟೆ ಮೇಲೆ ಕೂತು, ಎದ್ದು ಹೋದಳು. ಸಂಜೆ ನೋಡಿದರೆ ಸರ್ವರ್ ಚೆನ್ನಾಗಿಯೇ ಇತ್ತು. ಪ್ರಿಂಟರ್ ಜೋಡಿಸಿದ್ದ ನಮ್ಮ ಯಂತ್ರಕ್ಕೂ, ಅದೇ ದಿನ ಆಫೀಸಿಗೆ ಬಂದ ಒಂದು ಲ್ಯಾಪ್‌ಟಾಪಿಗೂ ಒಂದೇ ನಂಬರು ಬಿದ್ದಿತ್ತು. ಎರಡೂ ಒಂದರ ಮಾತು ಒಂದು ಕಸಿದುಕೊಂಡು ಕೂತಿದ್ದವು. ಸರಿ ಮಾಡಲು ಹಿಡಿದದ್ದು ಐದು ನಿಮಿಷ. ಆ ವರ್ಷ ಆ ಅರ್ಜಿ ಹೋಗಲೇ ಇಲ್ಲ.

ಹುಡುಗನನ್ನು ನಾನು ಬೈಯಲಿಲ್ಲ. ಅವನಿಗೆ ಅರ್ಜಿ ತುಂಬುವುದನ್ನು ಕಲಿಸಿದ್ದೆವು, ತಂತಿಯ ವಿಷಯ ಕಲಿಸಿರಲಿಲ್ಲ. ಅದನ್ನು ಬಲ್ಲವನು ರಾಯಚೂರಿನಿಂದ ಬರಬೇಕು. ಇವತ್ತು ಬರ್ತೀನಿ ಅಂದವನು ಸೋಮವಾರ ಬರುತ್ತಾನೆ. ಬಂದು ಏನೋ ಒತ್ತಿ, ಏನೋ ತುಂಬಿ, ‘ಆಯ್ತು ಸಿಸ್ಟರ್’ ಅಂತ ಹೋಗುತ್ತಾನೆ. ಏನು ತುಂಬಿದ, ಯಾಕೆ ತುಂಬಿದ ಅನ್ನುವುದು ಅವನ ತಲೆಯಲ್ಲೇ ಬಸ್ಸು ಹತ್ತಿ ಹೋಗುತ್ತದೆ. ಈ ಪಾಠದ ಉದ್ದೇಶ ಆ ತಿಳಿವಳಿಕೆಯನ್ನು ನಮ್ಮ ಕಪಾಟಿನಲ್ಲಿ ಉಳಿಸಿಕೊಳ್ಳುವುದು.

ನಾಲ್ಕು ನಂಬರು ಅಂದರೇನು?

ಒಂದು ಊರನ್ನು ನೆನೆಸಿಕೊಳ್ಳಿ. ಮೊದಲನೆಯದು ಮನೆ ನಂಬರು. ಕಂಪ್ಯೂಟರಿಗೆ ಇದನ್ನು ಐಪಿ ವಿಳಾಸ ಎನ್ನುತ್ತಾರೆ. ಉದಾಹರಣೆಗೆ 192.168.1.21. ನಾಲ್ಕು ತುಂಡು, ನಡುವೆ ಚುಕ್ಕೆ, ಪ್ರತಿಯೊಂದು ತುಂಡೂ 0ರಿಂದ 255ರ ಒಳಗೆ. ಒಂದೇ ಓಣಿಯಲ್ಲಿ ಎರಡು ಮನೆಗೆ ಒಂದೇ ನಂಬರು ಬರೆದರೆ ಪೋಸ್ಟಿನವನು ಕಾಗದವನ್ನು ಒಮ್ಮೆ ಇಲ್ಲಿ ಹಾಕುತ್ತಾನೆ, ಒಮ್ಮೆ ಅಲ್ಲಿ ಹಾಕುತ್ತಾನೆ. ಆ ಅಕ್ಕ ಬಂದ ದಿನ ಆದದ್ದು ಇದೇ.

ಎರಡನೆಯದು ನೆಟ್‌ಮಾಸ್ಕ್. 255.255.255.0 ಅಂತ ಇರುತ್ತದೆ, ಅಥವಾ ಚಿಕ್ಕದಾಗಿ /24 ಅಂತ ಬರೆಯುತ್ತಾರೆ. ಇದರ ಅರ್ಥ ಇಷ್ಟೇ: ವಿಳಾಸದ ಮೊದಲ ಮೂರು ತುಂಡು ಓಣಿಯ ಹೆಸರು, ಕೊನೆಯ ತುಂಡು ಮನೆ. ಇಂಥ ಒಂದು ಓಣಿಯಲ್ಲಿ 254 ಮನೆಗಳಿಗೆ ಜಾಗ ಇದೆ. ನಮ್ಮ ಯಾವ ಕೇಂದ್ರಕ್ಕೂ ಅಷ್ಟು ಬೇಕಿಲ್ಲ.

ಮೂರನೆಯದು ಗೇಟ್‌ವೇ. ನಮ್ಮ ಕಡೆ ಊರಿಗೆ ಅಗಸಿ ಇರುತ್ತದಲ್ಲ, ಅದೇ. ಓಣಿಯೊಳಗಿನ ಮಾತು ಓಣಿಯೊಳಗೇ ಮುಗಿಯುತ್ತದೆ. ಹೊರಗೆ ಹೋಗಬೇಕಾದದ್ದು ಅಗಸಿ ದಾಟಬೇಕು. ಆಫೀಸಿನ ಮೂಲೆಯಲ್ಲಿ ದೀಪ ಮಿಣಮಿಣ ಅನ್ನುವ ರೌಟರ್ ಡಬ್ಬಿಯೇ ಅಗಸಿ. ಅದರ ನಂಬರು ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ.

ನಾಲ್ಕನೆಯದು ಡಿಎನ್‌ಎಸ್. ನಾವು ವೆಬ್‌ಸೈಟನ್ನು ಹೆಸರಿನಿಂದ ಕರೆಯುತ್ತೇವೆ, ಯಂತ್ರಕ್ಕೆ ಬೇಕಾದದ್ದು ನಂಬರು. ಹೆಸರು ಹೇಳಿದರೆ ‘ಇಂಥ ಓಣಿ, ಇಂಥ ಮನೆ’ ಅಂತ ತೋರಿಸುವ ಊರ ಹಿರಿಯನ ಕೆಲಸ ಡಿಎನ್‌ಎಸ್‌ನದು. ಇದನ್ನು 1983ರಲ್ಲಿ ರೂಪಿಸಿದವರು ಅಮೆರಿಕದ ಪಾಲ್ ಮೊಕಪೆಟ್ರಿಸ್. ಅದಕ್ಕೂ ಮುಂಚೆ ಎಲ್ಲ ಯಂತ್ರಗಳ ಹೆಸರು, ನಂಬರು ಸ್ಟ್ಯಾನ್‌ಫೋರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಒಂದೇ ಫೈಲಿನಲ್ಲಿ ಇರುತ್ತಿದ್ದವು. ಎಲ್ಲರೂ ಅಲ್ಲಿಂದ ನಕಲು ತಂದುಕೊಳ್ಳುತ್ತಿದ್ದರು. ನಮ್ಮ ಸಂಘದ ಹಾಜರಿ ಪುಸ್ತಕದಷ್ಟೇ ಸರಳ ವ್ಯವಸ್ಥೆ ಅದು!

ಒಂದು ಪ್ರಶ್ನೆಯನ್ನು ತರಬೇತಿಯಲ್ಲಿ ಹುಡುಗಿಯರು ಯಾವಾಗಲೂ ಕೇಳುತ್ತಾರೆ. “ಸಿಸ್ಟರ್, ರಾಯಚೂರಿನಲ್ಲೂ 192.168.1.21 ಐತಿ, ಮಾನ್ವ್ಯಾಗೂ ಅದೇ ಐತಿ, ಜಗಳ ಆಗೂದಿಲ್ಲೇನ್ರಿ?” ಆಗುವುದಿಲ್ಲ. 192.168 ಎಂದು ಶುರುವಾಗುವ ವಿಳಾಸಗಳನ್ನು 1996ರ ನಿಯಮದಲ್ಲಿ ಆಯಾ ಮನೆ, ಆಯಾ ಕಚೇರಿಯ ಒಳಗಿನ ಬಳಕೆಗೆಂದೇ ಬಿಟ್ಟಿದ್ದಾರೆ. ಪ್ರತಿ ಊರಲ್ಲೂ ಒಂದು ಹನುಮಪ್ಪನ ಗುಡಿ ಓಣಿ ಇರುವುದಿಲ್ಲವೇ, ಹಾಗೆ. ಅಗಸಿಯಿಂದ ಹೊರಗೆ ಹೋಗುವಾಗ ರೌಟರ್ ತನ್ನ ಹೊರಗಿನ ವಿಳಾಸ ಹಚ್ಚಿ ಕಳಿಸುತ್ತದೆ. ನಾಲ್ಕು ತುಂಡಿನ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ ಮಾತ್ರ. ಜಾಗತಿಕ ಭಂಡಾರದಲ್ಲಿ ಹಂಚಲು ಉಳಿದಿದ್ದ ಕೊನೆಯ ಕಂತು 2011ರಲ್ಲೇ ಮುಗಿಯಿತು. ಅದಕ್ಕಾಗಿ ಉದ್ದನೆಯ ಹೊಸ ವಿಳಾಸಗಳು ಬಂದಿವೆ. ಅದು ಇನ್ನೊಂದು ಪಾಠ.

ಮೂರು ಸಲ ಕೂಗಿ ನೋಡುವುದು

ಅರ್ಜಿ ಪುಟ ತೆರೆಯಲಿಲ್ಲ ಅಂದ ತಕ್ಷಣ ಹೊರಗೆ ಕೂತವರಿಗೆ ‘ನಾಳೆ ಬನ್ನಿ’ ಅನ್ನಬಾರದು. ಮೂರು ಸಲ ಕೂಗಿ ನೋಡಬೇಕು. ಕೂಗುವ ಆಜ್ಞೆಯ ಹೆಸರು ಪಿಂಗ್. 1983ರ ಡಿಸೆಂಬರಿನಲ್ಲಿ ಮೈಕ್ ಮೂಸ್ ಎಂಬವರು ಬರೆದದ್ದು. ಬಾವಿಯೊಳಗೆ ‘ಓ’ ಅಂದರೆ ‘ಓ’ ಅನ್ನುತ್ತದಲ್ಲ, ಅಷ್ಟೇ ಅದರ ಕೆಲಸ.

ಇಲ್ಲಿ ಒಂದು ಮಾತು. ಆಜ್ಞೆಗಳನ್ನು ಈ ಪುಟದಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಓದುವಾಗ ಬಾಯಿಗೆ ಹತ್ತಲಿ ಅಂತ. ಕೀಲಿಮಣೆಯಲ್ಲಿ ಒತ್ತುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ.

ಮೊದಲ ಕೂಗು ಅಗಸಿಗೆ:

ಪಿಂಗ್ -ಸಿ 3 192.168.1.1

ಮೂರು ಸಲ ಉತ್ತರ ಬಂದರೆ ನಮ್ಮ ಯಂತ್ರ, ತಂತಿ, ರೌಟರ್ ಮೂರೂ ಸರಿ. ಬರದಿದ್ದರೆ ತೊಂದರೆ ನಮ್ಮ ಕೋಣೆಯೊಳಗೇ ಇದೆ. ಮೊದಲು ತಂತಿ ನೋಡಿ. ನಗಬೇಡಿ, ಬಹಳ ಸಲ ಕಸ ಗುಡಿಸುವಾಗ ಸಡಿಲಾದ ತಂತಿಯೇ ಕಾರಣ. ಆಮೇಲೆ ನಂಬರು ನೋಡಿ.

ಎರಡನೇ ಕೂಗು ಊರ ಹೊರಗೆ, ಆದರೆ ನಂಬರಿಗೆ:

ಪಿಂಗ್ -ಸಿ 3 8.8.8.8

ಇದು ಗೂಗಲ್ ಸಂಸ್ಥೆ 2009ರಿಂದ ನಡೆಸುತ್ತಿರುವ ಸಾರ್ವಜನಿಕ ಡಿಎನ್‌ಎಸ್‌ನ ವಿಳಾಸ, ನೆನಪಿಡಲು ಸುಲಭ. ಅಗಸಿ ಉತ್ತರ ಕೊಟ್ಟು ಇದು ಕೊಡದಿದ್ದರೆ ಸಾಮಾನ್ಯವಾಗಿ ಇಂಟರ್‌ನೆಟ್ ಕೊಡುವವರ ಕಡೆ ತೊಂದರೆ. ಫೋನ್ ಮಾಡಬೇಕಾದದ್ದು ಅವರಿಗೆ. ‘ಅಗಸಿವರೆಗೆ ಹೋಗ್ತೈತ್ರಿ, ಆಚೆ ಹೋಗವಲ್ದು’ ಅಂತ ಖಚಿತವಾಗಿ ಹೇಳಿದರೆ ಅವರೂ ಬೇಗ ಕಿವಿಗೊಡುತ್ತಾರೆ. (ಆದರೆ ಫೋನಿನಲ್ಲಿ ಅಗಸಿ ಅನ್ನಬೇಡಿ, ಗೇಟ್‌ವೇ ಅನ್ನಿ.)

ಮೂರನೇ ಕೂಗು ಹೆಸರಿಗೆ. ಪಿಂಗ್ ಆದ ಮೇಲೆ ಯಾವುದಾದರೂ ದೊಡ್ಡ ವೆಬ್‌ಸೈಟಿನ ಹೆಸರು ಬರೆಯಿರಿ. ನಂಬರಿಗೆ ಉತ್ತರ ಬಂದು, ಈ ಹೆಸರು ಯಾರದೆಂದೇ ಗೊತ್ತಿಲ್ಲ ಎಂಬ ಸಂದೇಶ ಬಂದರೆ ಡಿಎನ್‌ಎಸ್ ಕೆಟ್ಟಿದೆ. ಹುಡುಗರಿಗೆ ಹೆಚ್ಚು ಗೊಂದಲ ಆಗುವುದು ಇಲ್ಲೇ, ಏಕೆಂದರೆ ತಂತಿ ಸರಿ ಇದೆ, ದೀಪ ಉರಿಯುತ್ತಿದೆ, ಆದರೂ ಒಂದು ಪುಟವೂ ತೆರೆಯುವುದಿಲ್ಲ.

ಮೂರಕ್ಕೂ ಉತ್ತರ ಬಂದು, ಬೇರೆ ಪುಟಗಳೂ ತೆರೆದು, ಅರ್ಜಿಯ ಪುಟ ಮಾತ್ರ ತೆರೆಯದಿದ್ದರೆ ಆಗ ನಿಜವಾಗಿ ಸರ್ವರ್ ಡೌನ್. ಕೆಲವು ಸರಕಾರಿ ಸರ್ವರುಗಳು ಸುಸ್ಥಿತಿಯಲ್ಲಿದ್ದರೂ ಪಿಂಗ್‌ಗೆ ಉತ್ತರ ಕೊಡದಂತೆ ಮುಚ್ಚಿರುತ್ತಾರೆ. ಆದ್ದರಿಂದ ಅರ್ಜಿಯ ಸರ್ವರನ್ನೇ ಕೂಗಿ, ಉತ್ತರ ಬರಲಿಲ್ಲ ಅಂತ ತೀರ್ಮಾನಿಸಬೇಡಿ. ಅದನ್ನು ಬ್ರೌಸರಿನಲ್ಲಿ ತೆರೆದೇ ನೋಡಬೇಕು.

ನಂಬರು ಕೊಡುವವರು ಯಾರು?

ಎರಡು ದಾರಿ ಇವೆ. ಒಂದು, ರೌಟರೇ ಬಂದವರಿಗೆಲ್ಲ ನಂಬರು ಹಂಚುವುದು. ಇದಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಇನ್ನೊಂದು, ನಾವೇ ಕೈಯಾರೆ ನಂಬರು ಕಟ್ಟಿ ಕೂರಿಸುವುದು. ಎಲ್ಲ ಯಂತ್ರಕ್ಕೂ ಕೈಯಾರೆ ನಂಬರು ಕೊಡುವ ಹುಚ್ಚು ಕೆಲವು ಕಡೆ ಇದೆ, ನನಗೆ ಅದು ಸರಿ ಕಾಣುವುದಿಲ್ಲ. ಸಾಮಾನ್ಯ ಯಂತ್ರಗಳನ್ನು ರೌಟರಿಗೇ ಬಿಡಿ. ಪ್ರಿಂಟರ್ ಜೋಡಿಸಿದ ಯಂತ್ರ, ಎಲ್ಲರೂ ಫೈಲು ಹಂಚಿಕೊಳ್ಳುವ ಯಂತ್ರ ಇವೆರಡಕ್ಕೆ ಮಾತ್ರ ಬದಲಾಗದ ನಂಬರು ಸಾಕು. ಉಳಿದವರು ಅವುಗಳನ್ನು ಹುಡುಕಿಕೊಂಡು ಬರಬೇಕಲ್ಲ, ಅದಕ್ಕೆ.

ಆದರೆ ರೌಟರ್ ಹಂಚುವ ನಂಬರುಗಳ ಒಂದು ರಾಶಿ ಇರುತ್ತದೆ, ಉದಾಹರಣೆಗೆ 100ರಿಂದ 199ರವರೆಗೆ. ನಾವು ಕೈಯಾರೆ ಕೊಡುವ ನಂಬರು ಆ ರಾಶಿಯ ಹೊರಗೆ ಇರಲೇಬೇಕು. ನಮ್ಮ ಕೇಂದ್ರದಲ್ಲಿ ಪ್ರಿಂಟರಿನ ಯಂತ್ರಕ್ಕೆ ಯಾರೋ 105 ಅಂತ ಕೊಟ್ಟು ಹೋಗಿದ್ದರು. ಅನೇಕ ತಿಂಗಳು ಏನೂ ಆಗಲಿಲ್ಲ. ಆ ದಿನ ಬೆಳಿಗ್ಗೆ ಆ ಯಂತ್ರ ಇನ್ನೂ ಚಾಲೂ ಆಗಿರಲಿಲ್ಲ, ಲ್ಯಾಪ್‌ಟಾಪ್ ಮೊದಲು ಬಂತು, ರೌಟರ್ ತನ್ನ ರಾಶಿಯಿಂದ 105 ತೆಗೆದು ಅದರ ಕೈಗಿಟ್ಟಿತು. ಈಗ ನಾವು 10ರಿಂದ 50ರವರೆಗಿನದನ್ನು ಕೈಯಾರೆ ಕೊಡಲು ಇಟ್ಟುಕೊಂಡಿದ್ದೇವೆ.

ಇನ್ನೊಂದು ನಮ್ಮ ಕಡೆಯ ಕಷ್ಟ. ಶಕ್ತಿನಗರದಲ್ಲಿ 1985ರಿಂದ ಕರೆಂಟು ತಯಾರಾಗುತ್ತಿದ್ದರೂ ತಾಲ್ಲೂಕಿನಲ್ಲಿ ಅದು ಹೋಗಿ ಬರುವುದು ತಪ್ಪಿಲ್ಲ. ಮೇ ತಿಂಗಳ ಗಾಳಿ, ಗುಡುಗು, ಸಿಡಿಲಿಗೆ ರೌಟರ್ ಸುಟ್ಟು ಹೋಗುತ್ತದೆ. ಹೊಸದು ತಂದು ಇಡುತ್ತೀರಿ. ಹಳೆಯದು 192.168.1.1 ಇತ್ತು, ಹೊಸದು 192.168.0.1. ಓಣಿಯ ಹೆಸರೇ ಬದಲಾಯಿತು! ರೌಟರಿನಿಂದ ನಂಬರು ಪಡೆಯುವ ಯಂತ್ರಗಳು ಹೊಸ ಓಣಿಗೆ ಹೊಂದಿಕೊಳ್ಳುತ್ತವೆ. ಕೈಯಾರೆ ಕೂರಿಸಿದವು ಹಳೇ ಅಗಸಿಯನ್ನೇ ಕೂಗುತ್ತಾ ಮೂಕವಾಗಿ ಕೂರುತ್ತವೆ. ಆಗ ಒಂದೊಂದು ಯಂತ್ರದ ಒಳಗೂ ಹೋಗಿ ನಾಲ್ಕು ನಂಬರು ತಿದ್ದಬೇಕು. ಇಂಥ ಕೆಲಸಕ್ಕೇ ಶೆಲ್ ಸ್ಕ್ರಿಪ್ಟ್ ಬೇಕಾಗುವುದು.

ಸ್ಕ್ರಿಪ್ಟ್ ಬರೆಯೋಣ

ಶೆಲ್ ಅಂದರೆ ನಾವು ಬರೆದ ಆಜ್ಞೆಯನ್ನು ಯಂತ್ರಕ್ಕೆ ಮುಟ್ಟಿಸುವ ದುಭಾಷಿ. ಲಿನಕ್ಸ್ ಯಂತ್ರಗಳಲ್ಲಿ ಹೆಚ್ಚಾಗಿ ಇರುವುದು ಬ್ಯಾಶ್. 1979ರಲ್ಲಿ ಹೊರಬಂದ ಬಾರ್ನ್ ಎಂಬವರ ಶೆಲ್ಲನ್ನು ನೆನೆದು, 1989ರಲ್ಲಿ ಬ್ರಯಾನ್ ಫಾಕ್ಸ್ ಬರೆದ ಹೊಸ ಶೆಲ್ಲಿಗೆ ತಮಾಷೆಗೆ ‘ಬಾರ್ನ್ ಅಗೇನ್ ಶೆಲ್’ ಎಂದು ಹೆಸರಿಟ್ಟರು. ಬಾರ್ನ್ ಅವರ ಶೆಲ್ ಮರಳಿ ಬಂತು ಎಂದೂ ಆಗುತ್ತದೆ, ಶೆಲ್ ಮತ್ತೆ ಹುಟ್ಟಿತು ಎಂದೂ ಆಗುತ್ತದೆ. ಸ್ಕ್ರಿಪ್ಟ್ ಅಂದರೆ ದಿನಾ ಕೈಯಿಂದ ಬರೆಯುವ ಆಜ್ಞೆಗಳನ್ನು ಒಂದು ಫೈಲಿನಲ್ಲಿ ಸಾಲಾಗಿ ಬರೆದಿಡುವುದು, ಅಡುಗೆ ಪಟ್ಟಿಯ ಹಾಗೆ.

ನಮ್ಮಂಥ ಸಂಸ್ಥೆಗಳಿಗೆ ದಾನವಾಗಿ ಬರುವುದು ಹಳೇ ಯಂತ್ರಗಳು. 2014ರ ಏಪ್ರಿಲಿನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತಾಗ ಅನೇಕರು ಹಳೇ ಯಂತ್ರಗಳಿಗೆ ಲಿನಕ್ಸ್ ಹಾಕಿಕೊಂಡರು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ ಆ ವಿಚಾರ ಮತ್ತೆ ಬಂದಿದೆ. ಈ ಪಾಠ ಉಬುಂಟುವಿನಂಥ ಲಿನಕ್ಸ್ ಯಂತ್ರಕ್ಕೆ. ಅಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಇರುತ್ತದೆ, ಅದಕ್ಕೆ ಆಜ್ಞೆ ಕೊಡುವ ಸಾಧನ ಎನ್‌ಎಂಸಿಎಲ್‌ಐ. ಐದು ಅಕ್ಷರ: ಎನ್, ಎಂ, ಸಿ, ಎಲ್, ಐ.

ಮೊದಲು ‘ಎನ್‌ಎಂಸಿಎಲ್‌ಐ ಕಾನ್ ಶೋ’ ಎಂದು ಒತ್ತಿ ನೋಡಿ. ನಿಮ್ಮ ಸಂಪರ್ಕದ ಹೆಸರು, ಅದರ ಎದುರು ತಂತಿ ಕೂಡುವ ಜಾಗದ ಹೆಸರು ಕಾಣುತ್ತವೆ. ಅವೆರಡನ್ನೂ ಕಾಗದದಲ್ಲಿ ಬರೆದುಕೊಳ್ಳಿ, ಯಂತ್ರದಿಂದ ಯಂತ್ರಕ್ಕೆ ಬೇರೆ ಇರುತ್ತವೆ. ಆಮೇಲೆ ಟೆಕ್ಸ್ಟ್ ಎಡಿಟರಿನಲ್ಲಿ ಹೊಸ ಫೈಲು ತೆರೆದು ಹೀಗೆ ಶುರು ಮಾಡಿ:

#!/ಬಿನ್/ಬ್ಯಾಶ್
# ಮಾನ್ವಿ ಕೇಂದ್ರ. ಕಿಟಕಿ ಪಕ್ಕದ ಯಂತ್ರ. ಪ್ರಿಂಟರ್ ಇದಕ್ಕೇ ಜೋಡಿಸಿದೆ.
# ಅದಕ್ಕಾಗಿ ಈ ನಂಬರು ಬದಲಾಗಬಾರದು. ರೌಟರ್ ಹಂಚುವುದು 100-199.
ಲೈನ್="ವೈರ್ಡ್ ಕನೆಕ್ಷನ್ 1"
ಡೆವ್=ಇಎನ್‌ಪಿ2ಎಸ್0
ಐಪಿ=192.168.1.21
ಗೇಟ್=192.168.1.1
ಡಿಎನ್‌ಎಸ್="192.168.1.1 8.8.8.8"

ಮೊದಲ ಸಾಲು ‘ಇದನ್ನು ಬ್ಯಾಶ್ ಓದಲಿ’ ಎಂದು ಹೇಳುತ್ತದೆ. # ಗುರುತಿನಿಂದ ಶುರುವಾಗುವ ಮುಂದಿನ ಸಾಲುಗಳನ್ನು ಯಂತ್ರ ಓದುವುದಿಲ್ಲ, ಅವು ಮನುಷ್ಯರಿಗೆ. ನನ್ನ ದೃಷ್ಟಿಯಲ್ಲಿ ಇಡೀ ಫೈಲಿನ ಜೀವ ಇರುವುದು ಆ ಎರಡು ಸಾಲುಗಳಲ್ಲೇ. ನಂಬರನ್ನು ಯಾರಾದರೂ ಓದಬಹುದು. ‘ಯಾಕೆ’ ಎನ್ನುವುದನ್ನು ಬರೆದಿಡದಿದ್ದರೆ ಯಾರೂ ಓದಲಾರರು. ಅವನ್ನು ಕನ್ನಡದಲ್ಲೇ ಬರೆಯಿರಿ, ಯೂನಿಕೋಡ್ ಕನ್ನಡದಲ್ಲಿ. ಹಳೇ ನುಡಿ ಫಾಂಟಿನಲ್ಲಿ ಬರೆದರೆ ಎಡಿಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ಆದರೆ ಐಪಿ, ಗೇಟ್ ಎಂಬ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಬೇಕು, ಕನ್ನಡದ್ದನ್ನು ಬ್ಯಾಶ್ ಒಪ್ಪುವುದಿಲ್ಲ. ರೌಟರ್ ಬದಲಾದಾಗ ನೀವು ಮುಟ್ಟಬೇಕಾದದ್ದು ಈ ಸಾಲುಗಳನ್ನು ಮಾತ್ರ. ಕೆಳಗಿನದನ್ನು ಮುಟ್ಟುವುದು ಬೇಡ.

ಈಗ, ಕೊಡಲಿರುವ ನಂಬರು ಬೇರೆ ಯಾರ ಹತ್ತಿರವೂ ಇಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಪಿಂಗ್ ಮಾಡಿ ನೋಡಿದರೆ ಸಾಲದು, ಏಕೆಂದರೆ ವಿಂಡೋಸ್ ಯಂತ್ರಗಳ ರಕ್ಷಣಾ ಗೋಡೆ ಪಿಂಗ್‌ಗೆ ಉತ್ತರ ಕೊಡದೇ ಇರಬಹುದು. ಓಣಿಯೊಳಗೆ ‘ಈ ನಂಬರು ಯಾರದು?’ ಅಂತ ಡಂಗುರ ಸಾರುವ ಇನ್ನೊಂದು ಆಜ್ಞೆ ಇದೆ, ಆರ್ಪಿಂಗ್ (ಎ, ಆರ್, ಪಿ, ಐ, ಎನ್, ಜಿ). ಯಂತ್ರಗಳು ಅದಕ್ಕೆ ಸುಮ್ಮನಿರುವುದು ಕಷ್ಟ.

ಇಫ್ ! ಆರ್ಪಿಂಗ್ -ಡಿ -ಸಿ 3 -ಐ $ಡೆವ್ $ಐಪಿ
ದೆನ್
ಎಕೋ "ಈ ನಂಬರು ಬೇರೆ ಯಂತ್ರದಲ್ಲಿದೆ. ರಿಜಿಸ್ಟರ್ ನೋಡಿ."
ಎಕ್ಸಿಟ್ 1
ಫೈ

ಇಲ್ಲಿ ಡಿ ಮತ್ತು ಐ ದೊಡ್ಡ ಅಕ್ಷರ, ಸಿ ಸಣ್ಣದು. ಡಾಲರ್ ಗುರುತು ಹಚ್ಚಿದರೆ ಮೇಲೆ ಕೊಟ್ಟ ಬೆಲೆ ಇಲ್ಲಿಗೆ ಬರುತ್ತದೆ. ಇಫ್ ಎಂದು ತೆರೆದದ್ದನ್ನು ಅದೇ ಅಕ್ಷರಗಳನ್ನು ತಿರುಗಿಸಿ ಫೈ ಎಂದು ಮುಚ್ಚುತ್ತೇವೆ. ಯಾರಾದರೂ ‘ನನ್ನದು’ ಅಂದರೆ ಸ್ಕ್ರಿಪ್ಟ್ ಏನನ್ನೂ ಬದಲಿಸದೆ ಅಲ್ಲೇ ನಿಲ್ಲುತ್ತದೆ. ಯಂತ್ರದಲ್ಲಿ ಆರ್ಪಿಂಗ್ ಇಲ್ಲದಿದ್ದರೂ ಇದೇ ಮಾತು ಬಂದು ನಿಲ್ಲುತ್ತದೆ. ಅದಿಲ್ಲದಿದ್ದರೆ ಐಪಿಯುಟಿಲ್ಸ್-ಆರ್ಪಿಂಗ್ ಎಂಬ ಹೆಸರಿನಲ್ಲಿ ಹಾಕಿಕೊಳ್ಳಬೇಕು. ಎಕೋ ತೆರೆಯ ಮೇಲೆ ಮಾತಾಡುತ್ತದೆ, ಕನ್ನಡದಲ್ಲೇ ಮಾತಾಡಿಸಿ. ಕಪ್ಪು ಕಿಟಕಿಯಲ್ಲಿ ಒತ್ತಕ್ಷರಗಳು ಸ್ವಲ್ಪ ಚೆದುರಿದಂತೆ ಕಾಣಬಹುದು, ಓದಲಿಕ್ಕೆ ಬರುತ್ತದೆ.

ಮುಂದೆ ನಿಜವಾದ ಕೆಲಸ. ಹಳೆಯದನ್ನು ಬರೆದಿಟ್ಟುಕೊಂಡು, ಹೊಸದನ್ನು ಕೊಟ್ಟು, ಸಂಪರ್ಕವನ್ನು ಮತ್ತೆ ಎಬ್ಬಿಸುವುದು:

ಎನ್‌ಎಂಸಿಎಲ್‌ಐ ಕಾನ್ ಶೋ "$ಲೈನ್" > ಓಲ್ಡ್.ಟಿಎಕ್ಸ್‌ಟಿ
ಎನ್‌ಎಂಸಿಎಲ್‌ಐ ಕಾನ್ ಮಾಡ್ "$ಲೈನ್" ಐಪಿವಿ4.ಅಡ್ರೆಸಸ್ $ಐಪಿ/24 ಐಪಿವಿ4.ಗೇಟ್‌ವೇ $ಗೇಟ್ ಐಪಿವಿ4.ಡಿಎನ್‌ಎಸ್ "$ಡಿಎನ್‌ಎಸ್" ಐಪಿವಿ4.ಮೆಥಡ್ ಮ್ಯಾನ್ಯುಯಲ್
ಎನ್‌ಎಂಸಿಎಲ್‌ಐ ಕಾನ್ ಅಪ್ "$ಲೈನ್"
ಸ್ಲೀಪ್ 3

‘ಮಾಡ್’ ಎಂಬುದು ನಮ್ಮ ‘ಮಾಡು’ ಅಲ್ಲ, ಮಾಡಿಫೈ ಎಂಬುದರ ಮೊದಲ ಮೂರು ಅಕ್ಷರ. ಆದರೂ ನೆನಪಿಡಲು ಒಳ್ಳೆಯದಾಯಿತು. ಅದರ ಸಾಲು ಪುಟದಲ್ಲಿ ಮುರಿದಿದ್ದರೂ ಫೈಲಿನಲ್ಲಿ ಒಂದೇ ಸಾಲಾಗಿ ಬರೆಯಿರಿ. ನೆಟ್‌ಮಾಸ್ಕ್ ಎಲ್ಲಿ ಹೋಯಿತು ಅಂದಿರಾ? /24 ಎಂಬುದೇ ಅದು.

ಕೊನೆಗೆ ಪರೀಕ್ಷೆ. ಅಗಸಿ ಸಿಗದಿದ್ದರೆ ಯಂತ್ರವನ್ನು ನಡುನೀರಿನಲ್ಲಿ ಬಿಡಬಾರದು, ರೌಟರಿನಿಂದ ನಂಬರು ಪಡೆಯುವ ಸ್ಥಿತಿಗೆ ಕಳಿಸಬೇಕು:

ಇಫ್ ಪಿಂಗ್ -ಸಿ 3 $ಗೇಟ್
ದೆನ್
ಎಕೋ "ಅಗಸಿ ಸಿಕ್ಕಿತು. ಕೆಲಸ ಶುರು ಮಾಡಿ."
ಎಲ್ಸ್
ಎಕೋ "ಅಗಸಿ ಸಿಗಲಿಲ್ಲ. ನಂಬರನ್ನು ರೌಟರಿಗೇ ಬಿಡುತ್ತಿದ್ದೇನೆ."
ಎನ್‌ಎಂಸಿಎಲ್‌ಐ ಕಾನ್ ಮಾಡ್ "$ಲೈನ್" ಐಪಿವಿ4.ಮೆಥಡ್ ಆಟೋ ಐಪಿವಿ4.ಗೇಟ್‌ವೇ "" ಐಪಿವಿ4.ಅಡ್ರೆಸಸ್ "" ಐಪಿವಿ4.ಡಿಎನ್‌ಎಸ್ ""
ಎನ್‌ಎಂಸಿಎಲ್‌ಐ ಕಾನ್ ಅಪ್ "$ಲೈನ್"
ಫೈ

ಬರಿದಾದ ಎರಡು ಉದ್ಧರಣ ಚಿಹ್ನೆ ಅಂದರೆ ‘ಇದ್ದದ್ದನ್ನು ಅಳಿಸು’. ಆಟೋ ಎಂದಷ್ಟೇ ಬರೆದು ಹಳೇ ನಂಬರು ಅಳಿಸದಿದ್ದರೆ ಯಂತ್ರ ಎರಡು ಮನೆ ಹೂಡಿ ಕೂರುತ್ತದೆ.

ಫೈಲಿಗೆ ನೆಟ್.ಎಸ್‌ಎಚ್ ಎಂದು ಹೆಸರಿಟ್ಟು ಉಳಿಸಿ. ಓಡಿಸುವುದು ಹೀಗೆ: ಸುಡೊ ಬ್ಯಾಶ್ ನೆಟ್.ಎಸ್‌ಎಚ್. ಸುಡೊ ಅಂದರೆ ಯಜಮಾನನ ಅಧಿಕಾರದಲ್ಲಿ ಮಾಡು ಎಂದರ್ಥ, ಸುಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಬೇರೆಯವರು ಕೊಟ್ಟ ಸ್ಕ್ರಿಪ್ಟನ್ನು ಓದಿ ನೋಡದೆ ಸುಡೊ ಹಾಕಿ ಓಡಿಸಿದರೆ ಕೈ ಸುಡುವುದು ಖಂಡಿತ.

ನಮ್ಮವರು ಮಾಡಿದ ತಪ್ಪುಗಳು

ತರಬೇತಿಯಲ್ಲಿ ಒಬ್ಬಾಕೆಯ ಫೈಲು ಎಷ್ಟು ಓಡಿಸಿದರೂ ಓಡಲಿಲ್ಲ. ಅಕ್ಷರ ಅಕ್ಷರ ನೋಡಿದೆವು, ಎಲ್ಲ ಸರಿ. ಕೊನೆಗೆ ಗೊತ್ತಾದದ್ದು, ಆಕೆ ಕನ್ನಡದಲ್ಲಿ ಟಿಪ್ಪಣಿ ಬರೆದು ಕೀಲಿಮಣೆಯನ್ನು ಇಂಗ್ಲಿಷಿಗೆ ತಿರುಗಿಸುವುದನ್ನು ಮರೆತಿದ್ದಳು, ನಂಬರುಗಳು ೧೯೨.೧೬೮ ಎಂದು ಕನ್ನಡ ಅಂಕಿಯಲ್ಲಿ ಕೂತಿದ್ದವು. ನಮ್ಮ ಕಣ್ಣಿಗೆ ಅದು ಎಷ್ಟು ಸಹಜವಾಗಿ ಕಂಡಿತೆಂದರೆ ಆರು ಜನ ನೋಡಿದರೂ ತಪ್ಪೆನ್ನಿಸಲಿಲ್ಲ! ಯಂತ್ರ ಮಾತ್ರ ಒಪ್ಪಲಿಲ್ಲ.

= ಗುರುತಿನ ಎರಡೂ ಕಡೆ ಜಾಗ ಬಿಡಬಾರದು. ಅಂದವಾಗಿ ಬರೆಯುವ ಅಭ್ಯಾಸ ಇದ್ದವರು ಇಲ್ಲಿ ತಪ್ಪುತ್ತಾರೆ. ಪತ್ರ ಬರೆಯುವ ತಂತ್ರಾಂಶದಲ್ಲಿ ಸ್ಕ್ರಿಪ್ಟ್ ಬರೆದರೆ ಉದ್ಧರಣ ಚಿಹ್ನೆಗಳು ತಾವಾಗಿ ಡೊಂಕಾಗುತ್ತವೆ, ಬ್ಯಾಶಿಗೆ ನೇರ ಚಿಹ್ನೆಯೇ ಬೇಕು. ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಬರೆದು ಪೆನ್‌ಡ್ರೈವಿನಲ್ಲಿ ತಂದರೆ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿರುತ್ತದೆ, ಅದರಿಂದಲೂ ಸ್ಕ್ರಿಪ್ಟ್ ಮುಗ್ಗರಿಸುತ್ತದೆ. ಓಡಿಸುವ ಯಂತ್ರದಲ್ಲೇ ಬರೆಯುವುದು ವಾಸಿ.

ಇನ್ನೊಂದು: ರಾಯಚೂರಿನಲ್ಲಿ ಕೂತು ದೂರದಿಂದ ದೇವದುರ್ಗದ ಯಂತ್ರದ ನಂಬರು ಬದಲಿಸಲು ಹೋಗಬೇಡಿ. ನಂಬರು ಬದಲಾದ ಕ್ಷಣ ನೀವು ಹಿಡಿದಿದ್ದ ಹಗ್ಗವೇ ಕಡಿದು ಹೋಗಬಹುದು. ಕೂತ ಕೊಂಬೆಯನ್ನೇ ಕಡಿದ ಹಾಗೆ. ಯಂತ್ರದ ಮುಂದೆಯೇ ಕೂತು ಮಾಡಿ.

ರೌಟರಿನ ಪಾಸ್‌ವರ್ಡ್, ವೈಫೈ ಪಾಸ್‌ವರ್ಡ್‌ಗಳನ್ನು ಈ ಫೈಲಿನಲ್ಲಿ ಬರೆಯಬೇಡಿ. ನಮ್ಮ ಯಂತ್ರಗಳಲ್ಲಿ ಜನರ ಆಧಾರ್ ಪ್ರತಿ, ಬ್ಯಾಂಕ್ ಪುಸ್ತಕದ ಪ್ರತಿ ಇರುತ್ತವೆ. ನಂಬಿ ಕೊಟ್ಟ ಕಾಗದಗಳು ಅವು.

ವಿಂಡೋಸ್ ಇರುವ ಕೇಂದ್ರಗಳವರು ಈ ಪಾಠ ನಮಗಲ್ಲ ಅಂದುಕೊಳ್ಳಬೇಡಿ. ನಾಲ್ಕು ನಂಬರು, ಮೂರು ಕೂಗು ಅಲ್ಲೂ ಅವೇ. ನಂಬರು ನೋಡಲು ಐಪಿಕಾನ್‌ಫಿಗ್ ಎಂದು ಒತ್ತಬೇಕು. ಅಲ್ಲಿ 169.254 ಎಂದು ಶುರುವಾಗುವ ವಿಳಾಸ ಕಂಡರೆ, ರೌಟರಿನಿಂದ ನಂಬರು ಸಿಗದೆ ಯಂತ್ರ ತಾನೇ ಒಂದು ಕಟ್ಟಿಕೊಂಡಿದೆ ಎಂದು ತಿಳಿಯಿರಿ. ತಂತಿ, ರೌಟರ್ ಎರಡನ್ನೂ ನೋಡಿ.

ಅಭ್ಯಾಸ

ಮುಂದಿನ ಸಭೆಗೆ ಬರುವ ಮುಂಚೆ ಮೂರು ಕೆಲಸ ಮಾಡಿಕೊಂಡು ಬನ್ನಿ. ನಿಮ್ಮ ಕೇಂದ್ರದ ಪ್ರತಿ ಯಂತ್ರದ ನಾಲ್ಕು ನಂಬರುಗಳನ್ನು ಒಂದು ರಿಜಿಸ್ಟರಿನಲ್ಲಿ ಬರೆಯಿರಿ. ಕೊನೆಯ ಕಾಲಂ ‘ಯಾಕೆ’ ಎಂದಿರಲಿ. ಬದಲಾಗದ ನಂಬರಿನ ಯಂತ್ರಕ್ಕೆ ಸ್ಕ್ರಿಪ್ಟ್ ಬರೆದು, ಅದರ ಮುದ್ರಿತ ಪ್ರತಿಯನ್ನು ಕಪಾಟಿನ ಬಾಗಿಲಿನ ಒಳಗೆ ಅಂಟಿಸಿ. ನೆಟ್ ಹೋದ ದಿನ ಕಂಪ್ಯೂಟರಿನೊಳಗಿನ ಪ್ರತಿ ಮಾತ್ರ ಇದ್ದರೆ ಸಾಲದು. ಮೂರನೆಯದು, ಜನ ಇಲ್ಲದ ಒಂದು ಮಧ್ಯಾಹ್ನ ಬೇಕೆಂದೇ ಕೆಡಿಸಿ ನೋಡಿ. ಒಮ್ಮೆ ನಮ್ಮ ಕಡೆಯ ತಂತಿ ಕಿತ್ತು, ಒಮ್ಮೆ ರೌಟರಿಗೆ ಹೊರಗಿನಿಂದ ಬರುವ ತಂತಿ ಕಿತ್ತು, ಒಮ್ಮೆ ಡಿಎನ್‌ಎಸ್ ಸಾಲಿನಲ್ಲಿ 192.168.1.250ರಂಥ ಯಾರದೂ ಅಲ್ಲದ ನಂಬರು ಮಾತ್ರ ಬರೆದು, ಮೂರೂ ಸಲ ಯಾವ ಕೂಗಿಗೆ ಉತ್ತರ ಬಂತು, ಯಾವುದಕ್ಕೆ ಬರಲಿಲ್ಲ ಎಂದು ಬರೆದುಕೊಳ್ಳಿ. ಆ ಚೀಟಿಯನ್ನು ಸಭೆಗೆ ತನ್ನಿ, ಪಕ್ಕದ ಕೇಂದ್ರದವರ ಚೀಟಿಯ ಜೊತೆ ಹೋಲಿಸಿ ನೋಡೋಣ.